ತಲೈ ವೀಡು: ತಂಜಾವೂರಿನ ಸಂಗೀತದ ಕೇರಿಗಳಲ್ಲಿ ಒಂದು ದಿನದ ನಡಿಗೆ

ತಂಜಾವೂರಿನಲ್ಲಿ ಸಂಗೀತದ ಜಾಗಗಳನ್ನು ತೋರಿಸುತ್ತೇವೆ ಅಂತ ಕರೆದುಕೊಂಡು ಹೊರಡುವವರು ಸಾಮಾನ್ಯವಾಗಿ ಮೇಲವೀದಿಯಿಂದ ಶುರುಮಾಡುತ್ತಾರೆ. ಶ್ಯಾಮಾಶಾಸ್ತ್ರಿಗಳು ಪೂಜೆ ಮಾಡುತ್ತಿದ್ದ ಬಂಗಾರು ಕಾಮಾಕ್ಷಿ ಗುಡಿ, ತಂಜಾವೂರು ಸಹೋದರರ ಮನೆ, ಅಲ್ಲಿಂದ ಅರಮನೆ, ಸರಸ್ವತಿ ಮಹಲು. ಕೊನೆಗೆ ಹೊತ್ತು ಉಳಿದರೆ ದೊಡ್ಡ ದೇವಸ್ಥಾನ, ಅದೂ ವಿಮಾನದ ನೆರಳಿನ ಕತೆ ಹೇಳೋದಕ್ಕೆ. ಗೆಳೆಯರನ್ನು ಕರೆದುಕೊಂಡು ಹೋಗುವಾಗ ನಾನು ಈ ದಾರಿಯನ್ನು ಉಲ್ಟಾ ಮಾಡಿದ್ದೇನೆ. ಬೆಳಿಗ್ಗೆ ಆರೂವರೆಗೆ ಬೃಹದೀಶ್ವರ ದೇವಸ್ಥಾನ, ಮಧ್ಯಾಹ್ನ ಅರಮನೆ, ಸಂಜೆ ಮೇಲವೀದಿ. ದೇವಸ್ಥಾನದಲ್ಲೂ ನಾವು ಹುಡುಕಿಕೊಂಡು ಹೋಗೋದು ವಿಮಾನವನ್ನಲ್ಲ, ಸುತ್ತುಗೋಡೆಯನ್ನು.

ವಿಮಾನದ ಅಧಿಷ್ಠಾನದ ಮೇಲಿನ ಶಾಸನಗಳ ಮುಂದೆ ಒಂದು ಕಾಲು ಗಂಟೆ ನಿಲ್ಲಲೇಬೇಕು ಅನ್ನಿ. ತಾನು ಕೊಟ್ಟದ್ದು, ತನ್ನ ಅಕ್ಕ ಕೊಟ್ಟದ್ದು, ರಾಣಿಯರು ಕೊಟ್ಟದ್ದು, ಬೇರೆಯವರು ಕೊಟ್ಟದ್ದು, ಎಲ್ಲವನ್ನೂ ಕಲ್ಲಿನಲ್ಲಿ ಕಡೆಯಿರಿ ಅಂತ ರಾಜರಾಜ ಚೋಳ ಅಪ್ಪಣೆ ಕೊಟ್ಟ ಮಾತು ಅಲ್ಲಿದೆ. ತಮಿಳಿನಲ್ಲೂ ಅದು 'ಅಕ್ಕನ್' ಅಂತಲೇ ಇದೆ. ಓದಿ ತೋರಿಸಿದರೆ ಕನ್ನಡದವರ ಮುಖ ಅರಳುತ್ತೆ. ಮುಂದೆ ಸತ್ಯಾಶ್ರಯನನ್ನು ಗೆದ್ದು ಬಂದು ದೇವರಿಗೆ ಚಿನ್ನದ ಹೂವು ಅರ್ಪಿಸಿದ ಸಂಗತಿ ಬರುತ್ತದೆ. ಈ ಸತ್ಯಾಶ್ರಯ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಅಂತ ಹೇಳಿದ ಕೂಡಲೇ ಅರಳಿದ ಮುಖ ಸ್ವಲ್ಪ ಬಾಡುತ್ತೆ.

ಆಮೇಲೆ ಉತ್ತರದ ಸುತ್ತಾಲಯದ ಕಡೆ ನಡೆಯುತ್ತೇವೆ. ಇದಕ್ಕೆ ತಮಿಳಿನಲ್ಲಿ 'ತಿರುಚ್ಚುಟ್ರು ಮಾಳಿಗೈ' ಅನ್ನುತ್ತಾರೆ. ನಮಗೆ ಬೇಕಾದ ಶಾಸನ ಇರುವುದು ಅದರ ಹೊರಮೈ ಮೇಲೆ. ಪ್ರಾಂಗಣದ ಒಳಗೆ ನಿಂತು ಫೋಟೋ ತೆಗೆದುಕೊಳ್ಳುವ ಜನಕ್ಕೆ ಅದು ಕಾಣುವುದೇ ಇಲ್ಲ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಎರಡನೇ ಸಂಪುಟದಲ್ಲಿ ಹುಲ್ಚ್ ಅವರು ಇದನ್ನು 66ನೇ ಸಂಖ್ಯೆಯಾಗಿ ಅಚ್ಚು ಹಾಕಿಸಿದ್ದಾರೆ. ರಾಜರಾಜನ 29ನೇ ಆಳ್ವಿಕೆಯ ವರ್ಷ, ಅಂದರೆ ಹೆಚ್ಚುಕಡಿಮೆ 1014. ವಿಮಾನದ ಕಲಶ ಏರಿ ನಾಲ್ಕು ವರ್ಷ ಆಗಿತ್ತು.

ಶಾಸನ ಅಂದ ಕೂಡಲೇ ನಾವು ಪ್ರಶಸ್ತಿ, ವಂಶಾವಳಿ, ಶಾಪಾಶಯ ಅಂತೆಲ್ಲ ನಿರೀಕ್ಷಿಸುತ್ತೇವೆ. ಇಲ್ಲಿ ಮೊದಲಲ್ಲಿ ರಾಜನ ಮೆಯ್‌ಕೀರ್ತಿ ಮುಗಿದದ್ದೇ ತಡ, ಶುರುವಾಗುವುದು ವಿಳಾಸದ ಪಟ್ಟಿ. ಚೋಳಮಂಡಲದ ಬೇರೆ ಬೇರೆ ದೇವಸ್ಥಾನಗಳಿಂದ ನಾನೂರು ಹೆಂಗಸರನ್ನು ತಂಜಾವೂರಿಗೆ ಕರೆಸಿ, ದೇವಸ್ಥಾನದ ಕೇರಿಗಳಲ್ಲಿ ಮನೆ ಕೊಟ್ಟು, ಒಬ್ಬೊಬ್ಬರಿಗೂ ಒಂದೊಂದು 'ಪಂಗು' ನಿಗದಿ ಮಾಡಿದ್ದಾರೆ. ಯಾರು, ಎಲ್ಲಿಂದ ಬಂದವರು, ಯಾವ ಸಾಲಿನ ಎಷ್ಟನೇ ಮನೆ, ಎಷ್ಟು ಪಾಲು. ಹೀಗೇ ಒಂದರ ಹಿಂದೆ ಒಂದು, ನಾನೂರು ಸಲ. ಅಂಚೆಯವನು ಬ್ಯಾಗು ಹಿಡಿದು ನಿಂತಿದ್ದಾನೆ ಅನ್ನುವ ಹಾಗೆ.

ಇವರನ್ನು ಶಾಸನ ಕರೆಯುವುದು 'ತಳಿಚ್ಚೇರಿ ಪೆಣ್ಡುಗಳ್' ಅಂತ. ಕನ್ನಡದವರಿಗೆ ಇದಕ್ಕೆ ನಿಘಂಟು ಬೇಕಾಗಿಲ್ಲ. ತಳಿ ಅಂದರೆ ದೇವಸ್ಥಾನ. ಚೇರಿ ನಮ್ಮ ಕೇರಿಯೇ. ನಮ್ಮ ಕಿವಿ ತಮಿಳರಿಗೆ ಚೆವಿ ಆದ ಹಾಗೆ. ಪೆಣ್ಡುಗಳ್ ಹೆಂಗಸರು. ಕೇರಿಗಳು ಎರಡು: ದಕ್ಷಿಣದ ತಳಿಚ್ಚೇರಿ, ಉತ್ತರದ ತಳಿಚ್ಚೇರಿ. ಒಂದೊಂದು ಕೇರಿಗೂ ತೆಂಕಣ ಸಾಲು, ಬಡಗಣ ಸಾಲು. ಸಾಲಿಗೆ ಅವರು ಬಳಸುವ ಪದ 'ಸಿರಗು', ಅಂದರೆ ರೆಕ್ಕೆ. ಬೀದಿಗೆ ಎರಡು ರೆಕ್ಕೆ! ಮೊದಲನೇ ಮನೆ 'ತಲೈ ವೀಡು', ತಲೆಯ ಬೀಡು. ದಕ್ಷಿಣ ಕೇರಿಯ ತೆಂಕಣ ಸಾಲಿನ ತಲೈ ವೀಡು ತಿರುವೈಯಾರಿನ ಲೋಕಮಹಾದೇವಿ ಈಶ್ವರದಿಂದ ಬಂದ ನಕ್ಕನ್ ಸೇರಮಂಗೈ ಅವರದು. ಪಾಲು ಒಂದು.

ಈ ಒಂದು ನಮೂದಿನ ಮುಂದೆಯೇ ನಾನು ಎಷ್ಟೋ ಹೊತ್ತು ನಿಂತಿದ್ದೇನೆ. ತಿರುವೈಯಾರು ಅಂದರೆ ಇವತ್ತು ತ್ಯಾಗರಾಜರು, ಪುಷ್ಯ ಬಹುಳ ಪಂಚಮಿ, ಆರಾಧನೆ. ಅವರಿಗಿಂತ ಸುಮಾರು ಎಂಟುನೂರು ವರ್ಷ ಮೊದಲೇ ಆ ಊರಿನಿಂದ ತಂಜಾವೂರಿಗೆ ಬಂದು, ಮನೆ ಹಿಡಿದ ಒಬ್ಬ ಹೆಂಗಸಿನ ಹೆಸರು ಮತ್ತು ಮನೆಯ ಗುರುತು ಇಲ್ಲಿದೆ. ಲೋಕಮಹಾದೇವಿ ರಾಜರಾಜನ ರಾಣಿ. ಆಕೆ ಕಟ್ಟಿಸಿದ ಗುಡಿ ತಿರುವೈಯಾರಿನ ಐಯಾರಪ್ಪರ್ ದೇವಸ್ಥಾನದ ಆವರಣದಲ್ಲಿ ಇವತ್ತೂ ಇದೆ. ಕನ್ನಡದ ಶಾಸನ ಓದಿದವರಿಗೆ ಲೋಕಮಹಾದೇವಿ ಅಂದ ಕೂಡಲೇ ಇನ್ನೊಬ್ಬಳು ನೆನಪಾಗಬೇಕು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿಸಿದ, ಎರಡನೇ ವಿಕ್ರಮಾದಿತ್ಯನ ರಾಣಿ. ವಿಜಯಾದಿತ್ಯ ಗಂಧರ್ವರಿಗೆ, ಅಂದರೆ ಹಾಡುಗಾರರಿಗೆ, ಕೊಟ್ಟಿದ್ದ ಕಟ್ಟುಪಾಡುಗಳನ್ನು ಈಕೆ ಮತ್ತೆ ಸ್ಥಿರಪಡಿಸಿದಳು ಅಂತ ಅಲ್ಲಿನ ಶಾಸನ ಹೇಳುತ್ತದೆ. ಎರಡು ರಾಜ್ಯ, ಎರಡೂವರೆ ಶತಮಾನಕ್ಕೂ ಮೀರಿದ ಅಂತರ, ಒಂದೇ ಹೆಸರಿನ ಇಬ್ಬರು ರಾಣಿಯರು, ಇಬ್ಬರ ಗುಡಿಯೊಂದಿಗೂ ಹಾಡುಕುಣಿತದ ನಂಟು. ಇದರಿಂದ ಯಾವ ಸಿದ್ಧಾಂತವನ್ನೂ ಕಟ್ಟಬೇಡಿ, ಬರೀ ಕಾಕತಾಳೀಯ. ಆದರೆ ಒಂದು ಮಾತು ನಿಜ: ದಖ್ಖನಿನ ಸಂಗೀತದ ಚರಿತ್ರೆಗೆ ಕಲ್ಲಿನ ಮೇಲಿನ ಹಳೆಯ ಸಾಕ್ಷಿಗಳು ಬಹುಪಾಲು ಹೀಗೆ ಸಂಬಳ, ಹಕ್ಕು, ಪಾಲಿನ ಕಾಗದಪತ್ರಗಳೇ. ರಾಗದ ಮಾತು ಅಪರೂಪ, ಭತ್ತದ ಮಾತು ಧಾರಾಳ.

ಭತ್ತದ ಮಾತಿಗೆ ಬರೋಣ. ಒಂದು ಪಂಗಿಗೆ ವರ್ಷಕ್ಕೆ ನೂರು ಕಲಂ ಭತ್ತ. ಅಳೆಯಬೇಕಾದ ಮರಕ್ಕಾಲಿನ ಹೆಸರೂ ಇದೆ: 'ಆಡವಲ್ಲಾನ್'. ಆಡಬಲ್ಲವನು, ನಟರಾಜ! ಕುಣಿಯುವ ದೇವರ ಹೆಸರಿನ ಕೊಳಗದಲ್ಲಿ ಕೇರಿಯ ಹೆಂಗಸರಿಗೆ ಭತ್ತ ಅಳೆದು ಕೊಡುತ್ತಿದ್ದರು. ಹಿಂದಿನ ಸಂಖ್ಯೆ 65ರಲ್ಲಿ ತಿರುಪ್ಪದಿಯಂ, ಅಂದರೆ ತೇವಾರದ ಪದಿಗಗಳನ್ನು, ಹಾಡುವ ನಲವತ್ತೆಂಟು ಮಂದಿ, ಜತೆಗೆ ಉಡುಕ್ಕೈ ಬಾರಿಸುವವನೊಬ್ಬ, ಕೊಟ್ಟಿಮತ್ತಳೆಯವನೊಬ್ಬ, ಒಟ್ಟು ಐವತ್ತು ಜನರ ನೇಮಕ ಇದೆ. ಇವರಿಗೆ ದಿನಗೂಲಿ: ತಲಾ ಮೂರು ಕುರುಣಿ. ಓದಿದ್ದು ಇಂಜಿನಿಯರಿಂಗ್ ಆದ್ದರಿಂದ ಲೆಕ್ಕ ಹಾಕದೆ ಬಿಟ್ಟರೆ ನಿದ್ದೆ ಬರೋದಿಲ್ಲ. ಕುರುಣಿ, ಮರಕ್ಕಾಲು ಒಂದೇ. ಹನ್ನೆರಡು ಕುರುಣಿಗೆ ಒಂದು ಕಲಂ. ದಿನಕ್ಕೆ ಮೂರು ಕುರುಣಿ ಅಂದರೆ ಕಾಲು ಕಲಂ. 360 ದಿನ ಹಿಡಿದರೆ ವರ್ಷಕ್ಕೆ 90 ಕಲಂ. ತಳಿಚ್ಚೇರಿ ಹೆಂಗಸಿಗೆ 100 ಕಲಂ. ಅಂದರೆ ದೀಕ್ಷೆ ಪಡೆದು ತೇವಾರ ಹಾಡುವ ಗಂಡಸಿಗಿಂತ ಕೇರಿಯ ಹೆಂಗಸಿನ ಆದಾಯ ಒಂದು ಗುಲಗಂಜಿ ಹೆಚ್ಚೇ. ಮೇಲಾಗಿ ಆಕೆಗೆ ಮನೆಯೂ ಇತ್ತು. ನಾನೂರು ಮಂದಿಗೆ ವರ್ಷಕ್ಕೆ ನಲವತ್ತು ಸಾವಿರ ಕಲಂ.

ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ಹೆಂಗಸರು ಆದಮೇಲೆ ನಟ್ಟುವರು ಬರುತ್ತಾರೆ, ಅವರಿಗೆ ಎರಡೆರಡು ಪಂಗು. ಆಮೇಲೆ ಹಾಡುವವರು, ಅವರಲ್ಲೂ ಆರಿಯಂ ಹಾಡುವವರು ಬೇರೆ, ತಮಿಳು ಹಾಡುವವರು ಬೇರೆ. ವಂಗಿಯಂ ಊದುವವರು, ವೀಣೆಯವರು, ಉಡುಕ್ಕೈಯವರು, ಶಂಖ ಊದುವವರು. ಹಾಗೇ ಮುಂದುವರಿದು ಲೆಕ್ಕ ಬರೆಯುವವರು, ಕೊಡೆ ಹಿಡಿಯುವವರು, ದೀಪ ಹಚ್ಚುವವರು, ಕುಂಬಾರರು, ಅಗಸರು, ಕ್ಷೌರಿಕರು, ದರ್ಜಿ, ಕಂಚುಗಾರ, ಬಡಗಿ. ಸಂಗೀತವನ್ನು ಬೇರೆಯಾಗಿ ಒಂದು ಪೀಠದ ಮೇಲೆ ಕೂರಿಸಿಲ್ಲ. ವೀಣೆ ನುಡಿಸುವವನೂ ಮಡಕೆ ಮಾಡುವವನೂ ಒಂದೇ ಪಟ್ಟಿಯಲ್ಲಿ, ಒಂದೇ ಅಳತೆಯ ಭತ್ತಕ್ಕೆ.

ಇದರಲ್ಲಿ ನನಗೆ ತುಂಬ ಆಧುನಿಕ ಅನ್ನಿಸಿದ್ದು ಉತ್ತರಾಧಿಕಾರದ ನಿಯಮ. ಪಂಗು ಪಡೆದವರು ತೀರಿಕೊಂಡರೆ ಅಥವಾ ಊರು ಬಿಟ್ಟರೆ ಹತ್ತಿರದ ಸಂಬಂಧಿಕರು ಆ ಪಾಲನ್ನು ಪಡೆದು ಕೆಲಸ ಮಾಡಬೇಕು. ಅವರಿಗೆ ಆ ಯೋಗ್ಯತೆ ಇಲ್ಲದಿದ್ದರೆ ಯೋಗ್ಯರನ್ನು ಹುಡುಕಿ ಮಾಡಿಸಬೇಕು. ಸಂಬಂಧಿಕರೇ ಇಲ್ಲ ಅಂದರೆ ಆಯಾ ಕೆಲಸದವರೇ ಸೇರಿ ತಕ್ಕವರನ್ನು ಆರಿಸಬೇಕು. ವಂಶವೂ ಸೈ, ಯೋಗ್ಯತೆಯೂ ಸೈ. ಎರಡಕ್ಕೂ ತಿಕ್ಕಾಟ ಬಂದರೆ ಯೋಗ್ಯತೆ ಗೆಲ್ಲುತ್ತದೆ. ಇದನ್ನು ಓದಿ ಹೇಳಿದಾಗ ನಮ್ಮ ಗುಂಪಿನಲ್ಲಿದ್ದ ಸಂಗೀತದ ಮೇಷ್ಟ್ರೊಬ್ಬರು ಜೋರಾಗಿ ನಕ್ಕರು. ಯಾಕೆ ಅಂತ ನಾನು ಕೇಳಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇವರನ್ನು 'ನಾನೂರು ದೇವದಾಸಿಯರು', 'ನಾನೂರು ನರ್ತಕಿಯರು' ಅಂತ ಪುಸ್ತಕಗಳಲ್ಲಿ ಸರಾಗವಾಗಿ ಬರೆದುಬಿಡುತ್ತಾರೆ. ಶಾಸನದಲ್ಲಿ ಈ ಎರಡೂ ಪದಗಳಿಲ್ಲ. ಪಟ್ಟಿಯಲ್ಲಿ ನಟ್ಟುವರು ಇರುವುದರಿಂದ ಈ ಹೆಂಗಸರು ಕುಣಿಯುತ್ತಿದ್ದರು ಅನ್ನುವುದು ಊಹೆ. ನನಗೂ ಒಪ್ಪಿಗೆಯಾಗುವ ಊಹೆ, ಆದರೂ ಊಹೆಯೇ. ನರ್ತನಕ್ಕೆ ಆ ದೇವಸ್ಥಾನದಲ್ಲಿ ಬೇರೆ ಸಾಕ್ಷಿ ಬೇಕಾದಷ್ಟಿದೆ. ಗರ್ಭಗುಡಿಯ ಸುತ್ತಿನ ಓಣಿಯ ಭಿತ್ತಿಚಿತ್ರಗಳಲ್ಲಿ ಕುಣಿಯುವವರಿದ್ದಾರೆ. ನಾಯಕರ ಕಾಲದ ಬಣ್ಣದ ಪದರದ ಅಡಿಯಲ್ಲಿ ಅಡಗಿದ್ದ ಆ ಚೋಳ ಚಿತ್ರಗಳನ್ನು 1931ರಲ್ಲಿ ಎಸ್. ಕೆ. ಗೋವಿಂದಸ್ವಾಮಿ ಪತ್ತೆಹಚ್ಚಿದರು. ಅದರ ಮೇಲಿನ ಅಂತಸ್ತಿನಲ್ಲಿ ಭರತನ 108 ಕರಣಗಳಲ್ಲಿ 81ನ್ನು ಕೆತ್ತಿ, ಉಳಿದ ಕಲ್ಲುಗಳನ್ನು ಹಾಗೇ ಖಾಲಿ ಬಿಟ್ಟಿದ್ದಾರೆ. ಎರಡೂ ಕಡೆ ಸಾರ್ವಜನಿಕರಿಗೆ ಪ್ರವೇಶ ಇಲ್ಲ, ಹಾಗಾಗಿ ಹೊರಗೆ ನಿಂತು ಬೆರಳು ತೋರಿಸುವುದಷ್ಟೇ ನನ್ನ ಕೆಲಸ.

ಇನ್ನು ಆ ಹೆಸರುಗಳು. ಪ್ರತಿಯೊಬ್ಬರ ಹೆಸರಿನ ಹಿಂದೆಯೂ 'ನಕ್ಕನ್' ಇದೆ. ಅದು ಶಿವನ ಹೆಸರು, ತಂದೆಯ ಹೆಸರು ನಿಲ್ಲುವ ಜಾಗದಲ್ಲಿ ನಿಂತಿದೆ ಅಂತ ವಿದ್ವಾಂಸರು ಓದುತ್ತಾರೆ. ಗಂಡನ ಹೆಸರು ಇಲ್ಲ, ಕುಲ ಇಲ್ಲ. ದೇವರು, ಊರು, ತನ್ನ ಹೆಸರು, ಮನೆ: ಇಷ್ಟು ಸಾಕಾಗಿತ್ತು. ಚೋಳಕುಲಸುಂದರಿ ಅನ್ನುವ ಹೆಸರಿದೆ, ಏಕವೀರಿ ಇದೆ. ನನಗೆ ಅಚ್ಚುಮೆಚ್ಚು 'ಎಡುತ್ತಪಾದಂ'. ಎತ್ತಿದ ಪಾದ. ನಟರಾಜನ ಎಡಗಾಲನ್ನೇ ಮಗಳಿಗೆ ಹೆಸರಾಗಿ ಇಟ್ಟಿದ್ದಾರೆ.

ಗುಂಪಿನಲ್ಲಿ ಹನ್ನೆರಡು ಜನ ಇದ್ದರೆ ಹನ್ನೆರಡು ಹೆಸರು ಹಂಚುತ್ತೇನೆ. ಗೋಡೆಯ ಮುಂದೆ ಒಬ್ಬೊಬ್ಬರೂ ಒಂದು ಹೆಸರನ್ನು ಜೋರಾಗಿ ಓದಬೇಕು. ಲಿಪಿ ಬಾರದವರಿಗೆ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡುತ್ತೇನೆ.

ಈಗ ನನ್ನದೇ ಒಂದು ತಪ್ಪಿನ ವಿಷಯ. ಆರೇಳು ವರ್ಷದ ಹಿಂದೆ ಮೊದಲ ಸಲ ಜನರನ್ನು ಕರೆದುಕೊಂಡು ಬಂದಾಗ, ದೇವಸ್ಥಾನದಿಂದ ಊರೊಳಗೆ ನಡೆದು, ತೆರ್ಕು ವೀದಿಯಲ್ಲಿ, ಅಂದರೆ ದಕ್ಷಿಣದ ದೊಡ್ಡ ಬೀದಿಯಲ್ಲಿ ನಿಂತು, "ಇದೇ ಶಾಸನದ ದಕ್ಷಿಣ ಕೇರಿ, ಸೇರಮಂಗೈ ಮನೆ ಇಲ್ಲೇ ಎಲ್ಲೋ ಇತ್ತು" ಅಂತ ಘೋಷಿಸಿದ್ದೆ. ಎಲ್ಲರೂ ಪುಳಕಿತರಾಗಿ ಫೋಟೋ ತೆಗೆದುಕೊಂಡರು. ಗುಂಪಿನಲ್ಲಿದ್ದ ನಿವೃತ್ತ ಭೂಗೋಳದ ಟೀಚರ್ ಒಬ್ಬರು ಮಾತ್ರ ಮೊಬೈಲಿನಲ್ಲಿ ನಕ್ಷೆ ತೆಗೆದು, "ದೇವಸ್ಥಾನ ಅಲ್ಲಿ ನೈರುತ್ಯಕ್ಕೆ ಉಳೀತಲ್ಲಪ್ಪಾ, ಇದು ಯಾವುದಕ್ಕೆ ದಕ್ಷಿಣ?" ಅಂದರು. ನನ್ನ ಬಾಯಿ ಕಟ್ಟಿಹೋಯಿತು.

ಅವರು ಕೇಳಿದ್ದು ಸರಿ. ತಂಜಾವೂರಿನ ಇವತ್ತಿನ ನಾಲ್ಕು ರಾಜಬೀದಿಗಳು ಅರಮನೆಯ ಸುತ್ತಿನವು, ದೇವಸ್ಥಾನದ ಸುತ್ತಿನವಲ್ಲ. ದೇವಸ್ಥಾನ ಇರುವುದು ಶಿವಗಂಗೆ ಕೋಟೆ ಅನ್ನುವ ಚಿಕ್ಕ ಕೋಟೆಯೊಳಗೆ. ಅರಮನೆಯ ಊರು ರೂಪ ಪಡೆದದ್ದು ನಾಯಕರು, ಅವರ ನಂತರ ಮರಾಠರು ಆಳಿದ ಕಾಲದಲ್ಲಿ. ರಾಜರಾಜನ ಊರಿಗೂ ಇದಕ್ಕೂ ನಡುವೆ ಒಂದು ದೊಡ್ಡ ಕಂದಕವೇ ಇದೆ. 1216ರಲ್ಲಿ ಪಟ್ಟಕ್ಕೆ ಬಂದ ಮಾರವರ್ಮನ್ ಸುಂದರಪಾಂಡ್ಯನ ಮೆಯ್‌ಕೀರ್ತಿ, ತಂಜೈ ಮತ್ತು ಉರಂದೈ ಎರಡನ್ನೂ ಬೆಂಕಿಗೆ ಕೊಟ್ಟೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಉರಂದೈ ಅಂದರೆ ಉರೈಯೂರು. ಮೆಯ್‌ಕೀರ್ತಿಯಲ್ಲಿ ಉತ್ಪ್ರೇಕ್ಷೆ ಇರುತ್ತೆ, ಒಪ್ಪಿದೆ. ಆದರೂ ಎರಡು ಶತಮಾನ ಹಿಂದಿನ ಮನೆಸಾಲನ್ನು ಈ ಬೆಂಕಿಯ ಆಚೆಗೆ ಎಳೆದು ತಂದು, ಇವತ್ತಿನ ಬೀದಿಗೆ ಅಂಟಿಸುವುದಕ್ಕೆ 'ದಕ್ಷಿಣ' ಅನ್ನುವ ಒಂದು ಪದ ಸಾಲದು.

ಅಳತೆ ನೋಡಿದರೂ ಅಷ್ಟೇ. ನಾನೂರು ಮನೆ, ನಾಲ್ಕು ಸಾಲು. ಸಾಲಿಗೆ ಸುಮಾರು ನೂರು. ಮನೆಯ ಮುಂಭಾಗ ಬರೀ 15 ಅಡಿ ಅಂತ ಹಿಡಿದರೂ ಒಂದು ಸಾಲು 1,500 ಅಡಿ, ಹೆಚ್ಚುಕಡಿಮೆ 450 ಮೀಟರು. ದೇವಸ್ಥಾನದ ಪ್ರಾಂಗಣದ ಪೂರ್ವ ಪಶ್ಚಿಮ ಉದ್ದವೇ ಸುಮಾರು 240 ಮೀಟರು. ಅಂದರೆ ಕೇರಿಗಳು ಆವರಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಉದ್ದ ಚಾಚಿದ್ದವು. ಈಗ ಆ ಜಾಗದಲ್ಲಿ ಕೋಟೆಯ ಕಂದಕ, ಉದ್ಯಾನ, ಕಾಲುವೆ, ಬಸ್ಸು ಓಡಾಡುವ ರಸ್ತೆ. ಇದೇ ಸಂಪುಟದ ಬೇರೆ ಶಾಸನಗಳು ಆ ಕಾಲದ ಇನ್ನಷ್ಟು ಬೀದಿಗಳನ್ನು ಹೆಸರಿಸುತ್ತವೆ: ಬಿಲ್ಲಾಳುಗಳ ಬೀದಿ, ಆನೆಯಾಳುಗಳ ಬೀದಿ, ನೇಯ್ಗೆಯ ಸಾಲಿಯರ ಬೀದಿ, ಮಡೈಪ್ಪಳ್ಳಿ ಅಂದರೆ ಅಡುಗೆಮನೆಯವರ ಬೀದಿ, ಮತ್ತೆ ಗಂಧರ್ವತ್ತೆರು. ಗಂಧರ್ವರ ಬೀದಿ, ಹಾಡುಗಾರರ ಬೀದಿ! ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಅವುಗಳಲ್ಲಿ ಒಂದೂ ಉಳಿದಿಲ್ಲ. ಅಂದಿನಿಂದ ತೆರ್ಕು ವೀದಿಯಲ್ಲಿ ನಿಂತರೆ ಮೊದಲು ನನ್ನ ತಪ್ಪಿನ ಕತೆ ಹೇಳುತ್ತೇನೆ. ಅದೇ ಸ್ಥಳಕ್ಕೆ ನಾನು ಕೊಡಬಹುದಾದ ಪ್ರಾಮಾಣಿಕ ವಿವರಣೆ.

ಅರಮನೆಗೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಇಲ್ಲಿ ಬೇಗ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿನ ಕತೆ ನಿಮಗೆ ಪುಸ್ತಕಗಳಲ್ಲಿ ಸಿಗುತ್ತದೆ. ಸಂಗೀತ ಮಹಲಿನಲ್ಲಿ ಎಲ್ಲರೂ ಒಮ್ಮೆ ಚಪ್ಪಾಳೆ ತಟ್ಟಿ ಅನುರಣನ ಕೇಳುತ್ತಾರೆ, ತಟ್ಟಲಿ. ಆದರೆ ಕನ್ನಡದವರು ಇಲ್ಲಿ ನೆನೆಯಬೇಕಾದ ಮನುಷ್ಯ ಗೋವಿಂದ ದೀಕ್ಷಿತರು. ಅಚ್ಯುತಪ್ಪ ನಾಯಕ, ರಘುನಾಥ ನಾಯಕರ ಮಂತ್ರಿ, ಮನೆಮಾತು ಕನ್ನಡ ಅಂತ ಪರಂಪರೆ ಹೇಳುತ್ತದೆ. ಕುಂಭಕೋಣದ ಹತ್ತಿರದ ಪಟ್ಟೀಶ್ವರಂ ದೇವಸ್ಥಾನದಲ್ಲಿ ಅವರದೂ ಅವರ ಹೆಂಡತಿ ನಾಗಾಂಬೆಯವರದೂ ಶಿಲಾಮೂರ್ತಿಗಳಿವೆ. 'ಸಂಗೀತಸುಧಾ' ರಘುನಾಥನ ಹೆಸರಿನಲ್ಲಿದೆ, ಆದರೆ ಬರೆದದ್ದು ನಮ್ಮಪ್ಪ ಅಂತ ಮಗ ವೆಂಕಟಮಖಿ ಹೇಳುತ್ತಾರೆ. ಆ ಮಗನೇ ವಿಜಯರಾಘವ ನಾಯಕನ ಕಾಲದಲ್ಲಿ 'ಚತುರ್ದಂಡೀಪ್ರಕಾಶಿಕೆ' ಬರೆದು 72 ಮೇಳಗಳ ಚೌಕಟ್ಟನ್ನು ಕೊಟ್ಟವರು. ಗೌರವ ದೊರೆಗೆ, ದುಡಿಮೆ ಮಂತ್ರಿಯದು. ಬರೆದವರು ಯಾರು ಅನ್ನುವ ಈ ಜಗಳ ಗೋಡೆಯ ಪಟ್ಟಿಯಲ್ಲಿ ಏಳುವುದಿಲ್ಲ, ಯಾಕೆಂದರೆ ಅಲ್ಲಿ ಕೆಲಸ ಮಾಡಿದವರ ಹೆಸರೇ ಕೆತ್ತಿದೆ.

ಮರಾಠರ ಕಾಲಕ್ಕೆ ಲೆಕ್ಕ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತದೆ. ಸರಸ್ವತಿ ಮಹಲಿನ ಮೋಡಿ ಲಿಪಿಯ ದಫ್ತರಗಳು ಆಸ್ಥಾನದ ಖರ್ಚುವೆಚ್ಚದ ಕಂತೆಗಳು. ಮೇಳದವರಿಗೆ ಕೊಟ್ಟದ್ದು, ಉಡುಗೊರೆ, ಶಾಲು. ಸಂಗೀತದ ಚರಿತ್ರೆ ಬರೆಯುವವರು ಕೃತಿಗಳ ಹಸ್ತಪ್ರತಿಗೆ ಕೊಡುವಷ್ಟು ಹೊತ್ತನ್ನು ಈ ಕಂತೆಗಳಿಗೆ ಕೊಟ್ಟಿಲ್ಲ ಅನ್ನುವುದು ನನ್ನ ತಕರಾರು. ಮೋಡಿ ಕಲಿಯುವುದು ಕಷ್ಟ, ಗೊತ್ತು. ನಾನೂ ಎರಡು ಸಲ ಶುರುಮಾಡಿ ಬಿಟ್ಟಿದ್ದೇನೆ.

ಸಂಜೆ ನಾಲ್ಕೂವರೆಗೆ ಮೇಲವೀದಿ. ಬಂಗಾರು ಕಾಮಾಕ್ಷಿ ಗುಡಿಯ ಬಾಗಿಲು ತೆರೆಯುವ ಹೊತ್ತು. ಕಂಚಿಯಿಂದ ಚಿನ್ನದ ಕಾಮಾಕ್ಷಿಯನ್ನು ಹೊತ್ತು, ಊರೂರು ಅಲೆದು, ತಿರುವಾರೂರಿನಲ್ಲಿ ಬಹುಕಾಲ ಇದ್ದು ಇಲ್ಲಿಗೆ ಬಂದ ಅರ್ಚಕ ಮನೆತನದಲ್ಲಿ 1762ರಲ್ಲಿ ಹುಟ್ಟಿದವರು ಶ್ಯಾಮಾಶಾಸ್ತ್ರಿಗಳು. ಅದೇ ಬೀದಿಯಲ್ಲಿ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, ಈ ನಾಲ್ವರು ಅಣ್ಣತಮ್ಮಂದಿರ ಮನೆ. ಎರಡನೇ ಸರ್ಫೋಜಿಯ ಆಸ್ಥಾನದ ನಟ್ಟುವರು, ಮುತ್ತುಸ್ವಾಮಿ ದೀಕ್ಷಿತರ ಶಿಷ್ಯರು. ಇವತ್ತು ಭರತನಾಟ್ಯದ ಕಚೇರಿಯಲ್ಲಿ ಅಲಾರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಅಂತ ಕ್ರಮವಾಗಿ ಬರುತ್ತದಲ್ಲ, ಆ ಮಾರ್ಗವನ್ನು ಕೂಡಿಸಿದವರು ಇವರು. ವಡಿವೇಲು ತಿರುವಾಂಕೂರಿಗೆ ಹೋಗಿ ಸ್ವಾತಿ ತಿರುನಾಳರಿಂದ 1834ರಲ್ಲಿ ದಂತದ ಪಿಟೀಲು ಪಡೆದರು. ಚಿನ್ನಯ್ಯ ಬಂದದ್ದು ನಮ್ಮ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ. ಮೈಸೂರು ಶೈಲಿಯ ನೃತ್ಯದ ಮಾತು ಬಂದಾಗ ಈ ಬೀದಿಯನ್ನು ಬಿಟ್ಟು ಹೇಳಲಾಗದು.

ನಾಲ್ಕೂ ಜನ ಗಂಡಸರ ಹೆಸರು ಮಕ್ಕಳಿಗೂ ಗೊತ್ತು. ಅವರ ವರ್ಣಗಳನ್ನು ಮೊದಲು ಕುಣಿದವರು ಯಾರು? 'ಸರಭೇಂದ್ರ ಭೂಪಾಲ ಕುರವಂಜಿ'ಯನ್ನು ದೊಡ್ಡ ದೇವಸ್ಥಾನದ ಉತ್ಸವದಲ್ಲಿ ವರ್ಷವರ್ಷವೂ ಆಡಿದವರು ಯಾರು? ಪುಸ್ತಕಗಳಲ್ಲಿ 'ದೇವಸ್ಥಾನದ ದಾಸಿಯರು' ಅಂತ ಒಂದು ಬಹುವಚನ. 1014ರಲ್ಲಿ ನಾನೂರು ಹೆಸರು ಮನೆಯ ಸಮೇತ. ಎಂಟು ಒಂಬತ್ತು ಶತಮಾನ ಆದಮೇಲೆ ಒಂದು ಬಹುವಚನ.

ಹಿಂದಿನ ಸಲ ಇದೇ ಬೀದಿಯಲ್ಲಿ ಒಂದು ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ನಮ್ಮ ಗುಂಪನ್ನು ನೋಡಿ ಏನು ಸಮಾಚಾರ ಅಂತ ಕೇಳಿದರು. ನನ್ನ ಅರೆಬರೆ ತಮಿಳಿನಲ್ಲಿ ಹೇಳಿದೆ. ಅವರ ಅಜ್ಜಿ ಕುರವಂಜಿಯಲ್ಲಿ ಆಡಿದವರಂತೆ. ಯಾವ ಪಾತ್ರ, ಯಾವ ಹಾಡಿಗೆ ಎಲ್ಲಿ ನಿಲ್ಲುತ್ತಿದ್ದರು ಅನ್ನುವುದನ್ನೂ ಹೇಳಿದರು. ಕೈ ಮಡಿಲಲ್ಲೇ ಇತ್ತು, ಆದರೆ ಬೆರಳುಗಳು ಹಿಡಿದ ಮುದ್ರೆ ನನಗೆ ಕಾಣಿಸಿತು. ನಾನು ಗೋಡೆಯ ಶಾಸನದ ಮಾತು ತೆಗೆದೆ.

"ಎಷ್ಟು ಜನರ ಹೆಸರು ಇದೆ ತಂಬಿ?"

"ನಾನೂರು, ಪಾಟಿ."

"ಮನೆ ಸಮೇತ?"

"ಎಷ್ಟನೇ ಮನೆ ಅಂತ ಸಮೇತ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಹೆಡ್ಡನ ಹಾಗೆ ಪುಸ್ತಕ ತೆಗೆದು, ನಿಮ್ಮ ಅಜ್ಜಿಯ ಹೆಸರು ಹೇಳ್ತೀರಾ, ಬರ್ಕೋತೀನಿ ಅಂದೆ. "ಬೇಡಪ್ಪಾ. ಹೆಸರು ಬೇಡ, ಮನೆಯೂ ಬೇಡ. ಮೊಮ್ಮಗಳಿಗೆ ಗಂಡು ನೋಡ್ತಾ ಇದ್ದೀವಿ," ಅಂದರು. ಪೆನ್ನು ಜೇಬಿಗೆ ಹಾಕಿದೆ. ಹಾಗಾಗಿ ಇಲ್ಲಿಯೂ ಅದು ಇಲ್ಲ.

ಅವರನ್ನು ಆ ನಾನೂರು ಮಂದಿಯ ವಂಶ ಅಂತ ನಾನು ಹೇಳುತ್ತಿಲ್ಲ. ನಡುವೆ ಸುಟ್ಟ ಊರು ಇದೆ, ಎರಡು ಮೂರು ರಾಜವಂಶಗಳು ಇವೆ. ಅಂಥ ಸರಪಳಿ ಕಟ್ಟುವುದು ತೆರ್ಕು ವೀದಿಯಲ್ಲಿ ನಾನು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ. ಆದರೆ ಈ ಮೌನ ಎಲ್ಲಿಂದ ಬಂತು ಅನ್ನುವುದಕ್ಕೆ ದಾಖಲೆ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ನಡೆದ ವಾದವಿವಾದ, ಆಸ್ಥಾನಗಳು ಮುಚ್ಚಿ ಪೋಷಣೆ ಒಣಗಿದ್ದು, 1947ರ ಮದರಾಸು ದೇವದಾಸಿ ಕಾಯ್ದೆ. ಆ ಕಾಯ್ದೆ ಹುಡುಗಿಯರನ್ನು ಗುಡಿಗೆ ಬಿಡುವುದನ್ನು ನಿಲ್ಲಿಸಿತು. ಅದು ಬೇಕೇ ಇತ್ತು, ಅದರ ಪರವಾಗಿ ಹೋರಾಡಿದವರಲ್ಲಿ ಆ ಸಮುದಾಯದ ಹೆಂಗಸರೂ ಇದ್ದರು. ಆದರೆ ಅದೇ ಹೊತ್ತಿಗೆ ಕಲೆ ಬೇರೆ ಮನೆಗಳಿಗೆ ಹೋಯಿತು, ಕಳಂಕ ಮಾತ್ರ ಹಳೇ ಮನೆಯಲ್ಲೇ ಉಳಿಯಿತು. ಪದಗಳಿಗೂ ಹೀಗೇ ಆಗುತ್ತದೆ. ನಮ್ಮ ಕರ್ನಾಟಕದ ಶಾಸನಗಳಲ್ಲಿ 'ಸೂಳೆ', 'ಪಾತ್ರ' ಅನ್ನುವ ಪದಗಳು ದೇವಸ್ಥಾನದ ಸಿಬ್ಬಂದಿಯ ಪಟ್ಟಿಯಲ್ಲಿ, ಭೂಮಿ ಪಡೆದವರ ಸಾಲಿನಲ್ಲಿ ಸಹಜವಾಗಿ ಬರುತ್ತವೆ. ಅದರಲ್ಲಿ ಮೊದಲನೆಯದನ್ನು ಇವತ್ತು ಬಾಯಿಬಿಟ್ಟು ಓದಲು ಶಾಸನ ಕಲಿಸುವ ತರಗತಿಯಲ್ಲೂ ಜನ ತಡವರಿಸುತ್ತಾರೆ.

2010ರಲ್ಲಿ ದೇವಸ್ಥಾನಕ್ಕೆ ಸಾವಿರ ವರ್ಷ ತುಂಬಿದಾಗ ಪದ್ಮಾ ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಸಾವಿರ ಮಂದಿ ನರ್ತಕರು ಆ ಪ್ರಾಂಗಣದಲ್ಲಿ ಒಟ್ಟಿಗೆ ಕುಣಿದರು. ನಾನು ವಿಡಿಯೋದಲ್ಲಿ ನೋಡಿದ್ದು, ಚೆನ್ನಾಗಿತ್ತು. ಗೋಡೆಯ ಆಚೆ ಬದಿಯಲ್ಲಿ ಹೆಸರುಗಳು ಹಾಗೇ ಇದ್ದವು.

ಹೋಗಬೇಕೆನ್ನುವವರಿಗೆ ಒಂದು ಉಪಯುಕ್ತ ಮಾತು. ಎಲ್ಲರೂ ಡಿಸೆಂಬರು ಜನವರಿಯಲ್ಲಿ, ತಿರುವೈಯಾರಿನ ಆರಾಧನೆಯ ಜತೆ ಸೇರಿಸಿ ಹೋಗುತ್ತಾರೆ. ಹವೆ ಹಿತವಾಗಿರುತ್ತದೆ, ಆದರೆ ಸೂರ್ಯ ದಕ್ಷಿಣದಲ್ಲಿರುವುದರಿಂದ ಉತ್ತರಕ್ಕೆ ಮುಖ ಮಾಡಿದ ಆ ಗೋಡೆ ದಿನವಿಡೀ ನೆರಳಲ್ಲೇ ಇರುತ್ತದೆ. ಸವೆದ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ, ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ತಂಜಾವೂರು ಇರುವುದು ಸುಮಾರು 10.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕೆ ಹೋಗಿರುತ್ತಾನೆ. ಜೂನ್ ತಿಂಗಳಲ್ಲಿ ಹನ್ನೆರಡು ಕಾಲು ಗಂಟೆಯ ಸುಮಾರಿಗೆ ಬಿಸಿಲು ಗೋಡೆಯನ್ನು ಸವರಿಕೊಂಡು ಮೇಲಿನಿಂದ ಇಳಿಯುತ್ತದೆ. ಕಾಲು ಸುಡುತ್ತದೆ, ಸಾಕ್ಸ್ ಹಾಕಿಕೊಂಡು ಹೋಗಿ. ಅಕ್ಷರಗಳ ಗೀರಿನಲ್ಲಿ ನೆರಳು ತುಂಬಿಕೊಂಡು, ಟಾರ್ಚು ಇಲ್ಲದೇ 'ತಲೈ ವೀಡು' ಓದಲು ಸಿಗುತ್ತದೆ. ಅದರ ಮುಂದೆಯೇ ತಿರುವೈಯಾರು, ಅದರ ಮುಂದೆ ಸೇರಮಂಗೈ.